ನಾರ್ಮಲ್ ಎಂದರೆ ನಂಬದ ವಾಮನಣ್ಣ

ವಾಮನಣ್ಣ ಮನುಷ್ಯರ ಮುಖ ನೋಡುತ್ತಿರಲಿಲ್ಲ, ಮೊಣಕೈಯ ಒಳಬದಿ ನೋಡುತ್ತಿದ್ದರು. ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ಎದುರಾದರೆ ನನ್ನ ಹೆಸರಿಗಿಂತ ಮೊದಲು ಅವರಿಗೆ ನನ್ನ ನರ ನೆನಪಾಗುತ್ತಿತ್ತು. "ಓಹೋ, ಬಲಗೈ! ನಿಮ್ದು ಎಡಗೈಯಲ್ಲಿ ಸಿಗುದಿಲ್ಲ ಅಲ್ವಾ?" ಎಂದು ಅಷ್ಟು ಜನರ ನಡುವೆ ಕೂಗಿ, ಆಮೇಲೆ ಯಾವಾಗಲೋ "ಹಿರೇಮಠ್ರೆ, ಹೇಗಿದ್ದೀರಿ" ಎನ್ನುವುದು. ಲೋಕಲ್ ಟ್ರೇನಿನಲ್ಲಿ ಮೇಲಿನ ಹಿಡಿಕೆಗೆ ಜೋತುಬಿದ್ದ ಕೈಗಳನ್ನು ಸಾಲಾಗಿ ನೋಡುತ್ತ ನಿಂತರೆ, ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ ಕಾಣುತ್ತಿದ್ದರು. "ಆ ನೀಲಿ ಶರ್ಟು ನೋಡಿ ಮಾರಾಯ್ರೆ, ಎಂಥಾ ನರ! ಕಣ್ಣು ಮುಚ್ಚಿ ಸೂಜಿ ಹಾಕ್ಬಹುದು." ಆ ನೀಲಿ ಶರ್ಟಿನವನಿಗೆ ಕನ್ನಡ ಗೊತ್ತಿತ್ತೋ ಏನೋ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಪಕ್ಕದ ಡಬ್ಬಿ ಹತ್ತಿದ.

ಅವರು ಕಾಪು ಕಡೆಯವರು. ನೌಪಾಡಾದ ಒಂದು ಗಲ್ಲಿಯಲ್ಲಿ, ವಡಾಪಾವ್ ಅಂಗಡಿಯ ಪಕ್ಕ, ಎರಡು ಮೆಷಿನ್ನಿನ ಒಂದು ಪುಟ್ಟ ಲ್ಯಾಬು. ಸಂಜೆ ಬಂದು ರಿಪೋರ್ಟಿಗೆ ಸಹಿ ಹಾಕುವ ಡಾಕ್ಟರೊಬ್ಬರ ಹೆಸರು ಬೋರ್ಡಿನ ಮೇಲೆ, ಮಿಕ್ಕಿದ್ದೆಲ್ಲ ವಾಮನಣ್ಣ. ಬೆಳಿಗ್ಗೆ ಆರಕ್ಕೆ ಡೊಂಬಿವಲಿಯಿಂದ ಬಂದಿಳಿದು, ಸ್ಟೇಷನ್ನಿನ ಹತ್ತಿರ ನಿಲ್ಲಿಸಿದ ಸ್ಕೂಟರ್ ಹತ್ತಿ, ಒಂಬತ್ತರೊಳಗೆ ಹದಿನೈದು ಮನೆಗಳ ರಕ್ತ ತರುತ್ತಿದ್ದರು. ಮುಂಬಯಿಯಲ್ಲಿ ಕರಾವಳಿಯವರೆಂದರೆ ಎಲ್ಲರ ಬಾಯಲ್ಲೂ ಶೆಟ್ಟಿ. "ನಾನು ಶೆಟ್ಟಿ ಅಲ್ಲ ಮಾರಾಯ್ರೆ, ಸಾಲಿಯಾನ್. ನನ್ನ ಹತ್ರ ಹೋಟೆಲಿಲ್ಲ, ಸೂಜಿ ಉಂಟು" ಎಂದು ಹೇಳಿ ಹೇಳಿ ಸುಸ್ತಾಗಿ, ಕೊನೆಗೆ ಬರೀ ವಾಮನಣ್ಣ ಆದರು. ನನಗಿಂತ ನಾಲ್ಕು ವರ್ಷ ಚಿಕ್ಕವರು. ನನಗೂ ಅಣ್ಣನೇ.

ರಕ್ತ ತೆಗೆಯಲು ಬಂದ ಮನೆಯಲ್ಲಿ ಅವರು ಚಹಾ ಕುಡಿಯುತ್ತಿರಲಿಲ್ಲ. ನನ್ನ ಹೆಂಡತಿ ಸುಶೀಲಾ ಎಷ್ಟು ಒತ್ತಾಯಿಸಿದರೂ ಒಂದೇ ಉತ್ತರ: "ರಾತ್ರಿಯಿಂದ ಉಪವಾಸ ಕೂತವರ ಎದುರು ನಾನು ಚಾ ಕುಡಿಯುದಾ ಅಕ್ಕ? ಎಂಥಾ ಕಟುಕ ಅಂತ ತಿಳ್ಕೊಂಡಿದ್ದೀರಿ?" ನರ ಸಿಗದಿದ್ದರೆ ಅದರ ಜೊತೆ ತುಳುವಿನಲ್ಲಿ ಮಾತಾಡುತ್ತಿದ್ದರು. "ಬಲ, ಬಲ" ಅಂದರೆ ಬಾ, ಬಾ. ಮಕ್ಕಳನ್ನು ಮಂಚದ ಅಡಿಯಿಂದ ಹೊರಗೆ ಕರೆಯುವ ದನಿ ಅದು. ಬರುತ್ತಿತ್ತು. ಅವರು ಚುಚ್ಚಿದ್ದು ಗೊತ್ತಾಗುವುದರೊಳಗೆ ಹತ್ತಿ ಒತ್ತಿ, "ಮಡಚಬೇಡಿ, ಒತ್ತಿ ಹಿಡೀರಿ, ಮಡಚಬೇಡಿ ಅಂದೆ!" ಎಂದು ಗದರುತ್ತಿದ್ದರು. ನಾನು ಪ್ರತಿ ಸಲವೂ ಕೈ ಮಡಚುತ್ತಿದ್ದೆ. ನನ್ನ ಸ್ವಭಾವವೇ ಹಾಗೆ, ಯಾರಾದರೂ ಬೇಡ ಎಂದರೆ ಸಾಕು.

ನಾನು ಇವತ್ತು ಬದುಕಿರುವುದು ಈ ಮನುಷ್ಯನಿಂದ. ಈ ಮನುಷ್ಯ ಇವತ್ತು ಇಲ್ಲ. ಅದರಲ್ಲಿ ನನ್ನದೂ ಒಂದು ಪಾಲಿದೆ. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ಆದ್ದರಿಂದ ಮೊದಲೇ ಹೇಳಿಬಿಟ್ಟೆ.

ವಾಮನಣ್ಣನಿಗೆ ಆಗದ ಶಬ್ದವೆಂದರೆ ನಾರ್ಮಲ್. ರಿಪೋರ್ಟು ಒಯ್ಯಲು ಬಂದವರು ಲಕೋಟೆ ಒಡೆಯುವ ಮೊದಲೇ ಕೌಂಟರಿನ ಮೇಲೆ ಬಗ್ಗಿ ಕೇಳುತ್ತಾರಲ್ಲ, "ಸಬ್ ನಾರ್ಮಲ್ ಹೈ ನಾ?" ಎಂದು, ಆಗ ಅವರ ಹುಬ್ಬು ಗಂಟಾಗುತ್ತಿತ್ತು. "ಕೇಳಿದ ಪ್ರಶ್ನೆಗೆ ನಾರ್ಮಲ್. ಕೇಳದ ಪ್ರಶ್ನೆಗೆ ನಾನು ಎಂತ ಹೇಳ್ಲಿ?" ಸಕ್ಕರೆ ಕೇಳಿದ್ದೀರಿ, ಸಕ್ಕರೆಯದ್ದು ಹೇಳಿದೆ, ಕಿಡ್ನಿಯದ್ದು ನನಗೇನು ಗೊತ್ತು? ಜನಕ್ಕೆ ಇದು ಅಧಿಕಪ್ರಸಂಗವಾಗಿ ಕಾಣುತ್ತಿತ್ತು. ನನಗೂ ಹಾಗೇ ಕಂಡಿತ್ತು.

ಲಾಕ್‌ಡೌನ್ ಮುಗಿದು ಜನ ಮತ್ತೆ ಸೇರತೊಡಗಿದ ಕಾಲ. ನಮ್ಮ ಕನ್ನಡ ಸಂಘದ ಕಮಿಟಿಯಲ್ಲಿ ಒಂದು ಠರಾವು ಬಂತು: ಈ ಸಲದ ರಾಜ್ಯೋತ್ಸವಕ್ಕೆ ಸದಸ್ಯರಿಗೆಲ್ಲ ಕ್ಯಾನ್ಸರ್ ತಪಾಸಣೆ. ಒಂದು ಸಲ ರಕ್ತ ಕೊಟ್ಟರೆ ಸಾಕು, ಹೊಟ್ಟೆಯದು, ಕರುಳಿನದು, ಹೆಂಗಸರದು, ಗಂಡಸರದು, ಎಲ್ಲ ಕ್ಯಾನ್ಸರು ಗೊತ್ತಾಗುತ್ತದೆ ಎಂದು ದೊಡ್ಡ ಲ್ಯಾಬೊಂದರ ಏಜೆಂಟ್ ನಮ್ಮ ಕಾರ್ಯದರ್ಶಿಯ ತಲೆಯಲ್ಲಿ ತುಂಬಿದ್ದ. ಕಮಿಟಿಯಲ್ಲಿ ವಾಮನಣ್ಣನೂ ಇದ್ದರು. ಎದ್ದು ನಿಂತರು.

"ಅದು ಹುಡುಕುವ ಟೆಸ್ಟ್ ಅಲ್ಲ ಮಾರಾಯ್ರೆ. ಆ ಪದಾರ್ಥ ಒಳ್ಳೆಯವರ ರಕ್ತದಲ್ಲೂ ಸ್ವಲ್ಪ ಇರ್ತದೆ. ಬೀಡಿ ಸಿಗರೇಟಿಗೆ ಏರ್ತದೆ, ಲಿವರ್ ಕೆಟ್ರೆ ಏರ್ತದೆ, ಹೆಂಗಸರಿಗೆ ತಿಂಗಳ ಹೊತ್ತಿಗೂ ಏರ್ತದೆ. ಮತ್ತೆ ಕ್ಯಾನ್ಸರ್ ಸಣ್ಣದಿರುವಾಗ ಎಷ್ಟೋ ಸಲ ಏರುದೇ ಇಲ್ಲ. ಕಾಯಿಲೆ ಉಂಟು ಅಂತ ಗೊತ್ತಾದವರಿಗೆ, ಆಪರೇಷನ್ ಆದ್ಮೇಲೆ ಪುನಃ ಬಂತಾ ಅಂತ ಕಾಯ್ಲಿಕ್ಕೆ ಡಾಕ್ಟ್ರು ಬರೀತಾರೆ. ಏನೂ ಇಲ್ಲದವರನ್ನು ಸಾಲಾಗಿ ಕೂರಿಸಿ ಮಾಡುದಲ್ಲ."

ಎದುರು ಎದ್ದವನು ನಾನು. ಕೋಪ ನನಗೆ ಮೂಗಿನ ತುದಿಯಲ್ಲೇ. "ಏನ್ರೀ ವಾಮನಣ್ಣ, ಮಂದಿ ತಮ್ಮ ಆರೋಗ್ಯಾ ನೋಡ್ಕೊಂಡ್ರ ನಿಮ್ಮ ಗಂಟೇನ್ ಹೋಗ್ತದ? ದೊಡ್ಡ ಲ್ಯಾಬಿನವರು ಬಂದ್ರ ನಿಮ್ಮ ಧಂದಾ ಕಡಿಮಿ ಆಗ್ತದಂತ ಹೆದರಿಕೀ ಏನು?"

ಸಭೆ ನಕ್ಕಿತು. ವಾಮನಣ್ಣ ನಗಲಿಲ್ಲ, ಬಯ್ಯಲೂ ಇಲ್ಲ. ಕುಳಿತುಕೊಂಡರು. ಕೊನೆಗೆ ರಕ್ತ ತೆಗೆಯಲು ಕೈ ಸಾಲದೆ ಕಾರ್ಯದರ್ಶಿ ಅವರನ್ನೇ ಕೇಳಿಕೊಂಡಾಗ, ಬಾಯ್ಮುಚ್ಚಿ ಬಂದು ಒಂದು ಭಾನುವಾರವಿಡೀ ಸೂಜಿ ಹಾಕಿದರು.

ನಮ್ಮ ಸಂಘಕ್ಕೆ ವೇದಿಕೆಯಿಲ್ಲದೆ ಯಾವ ಕೆಲಸವೂ ಮಾಡಲು ಬರುವುದಿಲ್ಲ. ಪುಸ್ತಕ ಹಂಚಿದರೂ ವೇದಿಕೆ, ನೀರಿನ ಫಿಲ್ಟರ್ ಕೊಟ್ಟರೂ ವೇದಿಕೆ. ರಕ್ತದ ರಿಪೋರ್ಟನ್ನೂ ರಾಜ್ಯೋತ್ಸವದ ದಿನ ವೇದಿಕೆಗೆ ಕರೆದೇ ಕೊಟ್ಟರು. ಹೆಸರು ಕೂಗುವುದು, ಮುಖ್ಯ ಅತಿಥಿಗಳ ಕೈಯಿಂದ ಒಂದು ಗುಲಾಬಿ, ಒಂದು ಲಕೋಟೆ, ಚಪ್ಪಾಳೆ, ಫೋಟೋ. ಯಾರೂ ಇದು ತಪ್ಪೆಂದುಕೊಳ್ಳಲಿಲ್ಲ. ನಾನಂತೂ ಆ ಫೋಟೋಕ್ಕೆಂದೇ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಹೋಗಿದ್ದೆ.

ಮಾಜಿವಾಡಾದ ಪ್ರೇಮಾ ಮೇಡಮ್, ಶಾಲೆಯಲ್ಲಿ ಚಿತ್ರಕಲೆ ಕಲಿಸುವವರು, ವೇದಿಕೆಯ ಮೆಟ್ಟಿಲಿಳಿಯುತ್ತಲೇ ಲಕೋಟೆ ಒಡೆದರು. ಅಂಡಾಶಯದ ಕ್ಯಾನ್ಸರಿಗೆ ನೋಡುವ ಅಂಕಿ ದಪ್ಪ ಅಕ್ಷರದಲ್ಲಿತ್ತು, ಇರಬೇಕಾದ್ದಕ್ಕಿಂತ ಮೂರು ಪಟ್ಟು. ಕೈಯಲ್ಲಿ ಗುಲಾಬಿ ಹಿಡಿದೇ ಅವರು ಮೆಟ್ಟಿಲ ಮೇಲೆ ಕುಸಿದು ಕುಳಿತರು. ಹಿಂದೆ ಸಾಲಿನಲ್ಲಿ ನಿಂತವರು ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು.

ಮೂರು ವಾರ ಆ ಮನೆ ಮನೆಯಾಗಿರಲಿಲ್ಲ. ಸೋನೋಗ್ರಫಿ, ಎಂಆರ್‌ಐ, ಎರಡು ಆಸ್ಪತ್ರೆ. ಆಯಮ್ಮ ಗಂಡನಿಗೆ ಅನ್ನ ಬಸಿಯುವುದನ್ನು ಕಲಿಸಿದರು, ಯಾವ ಸೀರೆ ಯಾರಿಗೆ ಎಂದು ಚೀಟಿ ಹಚ್ಚಿಟ್ಟರು. ಕೊನೆಗೆ ತಿಳಿದದ್ದು, ಗರ್ಭಕೋಶದಲ್ಲಿ ಫೈಬ್ರಾಯ್ಡ್. ಎಷ್ಟೋ ಹೆಂಗಸರಿಗೆ ಇರುವಂಥದ್ದು, ಕ್ಯಾನ್ಸರಲ್ಲ. ಅದು ತಿಳಿದ ದಿನ ಪ್ರೇಮಾ ಮೇಡಮ್ ನೇರ ನೌಪಾಡಾದ ಲ್ಯಾಬಿಗೆ ಬಂದು ವಾಮನಣ್ಣನನ್ನು ಬಾಯಿಗೆ ಬಂದಂತೆ ಬೈದರಂತೆ. ನಾನು ಕೇಳಿದೆ: "ಅಲ್ರೀ, ನೀವು ಬ್ಯಾಡಂದ್ರಿ, ಕಮಿಟಿ ಕೇಳಲಿಲ್ಲ ಅಂತ ಹೇಳಬೇಕಿತ್ತಲ್ಲ?" ಅವರು ತಲೆಯಾಡಿಸಿದರು. "ಸೂಜಿ ಹಾಕಿದ್ದು ನಾನೇ ಅಲ್ವಾ. ಬೇಡ ಅಂತ ಗೊತ್ತಿದ್ದೂ ಹಾಕಿದ್ದು ನಾನೇ."

ನನ್ನ ಲಕೋಟೆಯಲ್ಲಿ ಎಲ್ಲ ನಾರ್ಮಲ್ ಇತ್ತು. ನಾನದನ್ನು ಲ್ಯಾಮಿನೇಟ್ ಮಾಡಿಸಿದೆ. ಹೌದು, ನಗಬೇಕಾದವರು ನಗಬಹುದು. ಟೀವಿಯ ಪಕ್ಕದ ಶೋಕೇಸಿನಲ್ಲಿ, ಮಗಳ ಕಾನ್ವೊಕೇಷನ್ ಫೋಟೋದ ಬದಿಗೆ, ನನ್ನ ರಕ್ತದ ರಿಪೋರ್ಟನ್ನು ನಿಲ್ಲಿಸಿದೆ. ಅದಕ್ಕೊಂದು ಕಾರಣವಿತ್ತು, ಯಾರಿಗೂ ಹೇಳಿರಲಿಲ್ಲ. ಮೂರು ತಿಂಗಳಿಂದ ಸಂಡಾಸಿನಲ್ಲಿ ಆಗಾಗ ರಕ್ತ ಕಾಣುತ್ತಿತ್ತು. ಮೂಲವ್ಯಾಧಿ ಎಂದು ನನಗೆ ನಾನೇ ಹೇಳಿಕೊಂಡಿದ್ದೆ, ಮತ್ತು ಆ ಲ್ಯಾಮಿನೇಟಿನ ಕಾಗದ ಹೌದೆಂದಿತ್ತು. ಕರುಳಿನದ್ದಕ್ಕೆ ನೋಡುವ ಸಿಇಎ ಎಂಬ ಟೆಸ್ಟು ಅದರಲ್ಲಿ ನಾರ್ಮಲ್ ಇತ್ತಲ್ಲ.

ಮುಂದಿನ ತಿಂಗಳು ಸಕ್ಕರೆ ಪರೀಕ್ಷೆಗೆ ವಾಮನಣ್ಣ ಬಂದಾಗ ಸುಶೀಲಾ ಬಾಯಿಬಿಟ್ಟಳು. "ಇವರ ಚಡ್ಡಿಗೆ ರಕ್ತ ಆಗಿತ್ರೀ ಅಣ್ಣ. ಕೇಳಿದ್ರ ಸಿಟ್ಟಿಗೇಳ್ತಾರ." ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ವಾಮನಣ್ಣ ಸೂಜಿ ಕೆಳಗಿಟ್ಟರು.

"ಎಷ್ಟು ದಿನ ಆಯ್ತು?"

"ಅದೇನ್ ಬಿಡ್ರಿ, ಮೂಲವ್ಯಾಧಿ."

"ನಾನು ಹೆಸರು ಕೇಳ್ಲಿಲ್ಲ, ದಿನ ಕೇಳಿದ್ದು. ಬಣ್ಣ ಎಂತದು, ಕೆಂಪಾ ಕಪ್ಪಾ? ಕೂಡಿಕೊಂಡು ಬರ್ತದಾ, ಮೇಲಿಂದ ಬೀಳ್ತದಾ?" ಹೆಂಡತಿ ಎದುರು, ಹಾಲಿನವನು ಬಾಗಿಲಲ್ಲಿ ನಿಂತಿರುವಾಗ! ನಾನು ಉರಿದುಬಿದ್ದು ಶೋಕೇಸಿನ ಕಡೆ ಬೆರಳು ತೋರಿಸಿದೆ. "ಅಲ್ಲಿ ಐತಿ ನೋಡ್ರಿ ರಿಪೋರ್ಟು. ನಾರ್ಮಲ್!"

ಅವರು ಅದನ್ನು ಕೈಗೆ ತೆಗೆದುಕೊಂಡರು. ನೋಡಿದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನಮ್ಮ ಮನೆಯ ಕುರ್ಚಿಯ ಮೇಲೆ ಕುಳಿತರು. "ಹಿರೇಮಠ್ರೆ, ನಿಮ್ಮ ಮೈ ಇಷ್ಟು ದಿನದಿಂದ ಹೇಳ್ತಾ ಉಂಟು. ನೀವು ಈ ಪ್ಲಾಸ್ಟಿಕ್ಕನ್ನು ನಂಬ್ತೀರಾ? ಒಳಗೆ ಕ್ಯಾಮೆರಾ ಹಾಕಿ ನೋಡ್ಬೇಕು. ಬೇರೆ ದಾರಿ ಇಲ್ಲ."

ಕ್ಯಾಮೆರಾ ಎಂದರೆ ಕೊಲೊನೊಸ್ಕೊಪಿ. ಎಲ್ಲಿಂದ ಹಾಕುತ್ತಾರೆ ಎಂದು ಗೊತ್ತಾದ ಮೇಲೆ ನಾನು ಸತ್ತರೂ ಹೋಗುವುದಿಲ್ಲ ಎಂದೆ. ವಾಮನಣ್ಣ ವಾದಿಸಲಿಲ್ಲ. ಮರುದಿನ ಬೆಳಿಗ್ಗೆ ಆರೂಕಾಲಿಗೆ ಗಂಟೆ ಬಾರಿಸಿದರು. ಕೈಯಲ್ಲಿ ಸೂಜಿಯಿಲ್ಲ, ಚೀಲವಿಲ್ಲ. "ಅಪಾಯಿಂಟ್‌ಮೆಂಟ್ ಆಯ್ತಾ?" ಇಲ್ಲವೆಂದೆ. ಇಳಿದು ಹೋದರು. ಅದರ ಮರುದಿನವೂ ಅದೇ. ಲಿಫ್ಟಿಲ್ಲದ ನಮ್ಮ ಕಟ್ಟಡದ ಮೂರು ಮಾಳಿಗೆ ಹತ್ತುವುದು, ಗಂಟೆ, "ಆಯ್ತಾ?", ಇಳಿಯುವುದು. ಒಂಬತ್ತು ದಿನ! ಒಂಬತ್ತನೆಯ ದಿನ ನಾನು ಬಾಗಿಲಲ್ಲೇ ಕೂಗಾಡಿದೆ: "ನನ್ನ ತಲಿ ತಿನಬ್ಯಾಡ್ರಿ! ನಿಮಗ ಬ್ಯಾರೆ ಕೆಲಸಾ ಇಲ್ಲೇನು?" ಒಳಗಿನಿಂದ ಸುಶೀಲಾ ಬಂದು, "ಆಗೇದ ಅಣ್ಣ. ನಾನಽ ಮಾಡಿಸೇನಿ. ಸೋಮವಾರ" ಎಂದಳು. ಅವರು ಅವಳಿಗೆ ಕೈಮುಗಿದು ಹೋದರು, ನನ್ನ ಕಡೆ ನೋಡಲೂ ಇಲ್ಲ.

ಗಂಟಿತ್ತು. ಕ್ಯಾನ್ಸರೇ ಆಗಿತ್ತು. ನವಿ ಮುಂಬಯಿಯ ಆಸ್ಪತ್ರೆಯಲ್ಲಿ ಒಂದು ಗೇಣು ಕರುಳು ಕತ್ತರಿಸಿ ತೆಗೆದರು. ಹೊರಗೆ ಹರಡಿರಲಿಲ್ಲ. ಆಪರೇಷನ್ನಿಗೆ ಮುಂಚೆ ಅಲ್ಲಿಯೂ ಆ ಸಿಇಎ ನೋಡಿದ್ದರು, ಆಗಲೂ ನಾರ್ಮಲ್. ಒಳಗೆ ಗಂಟು ಕುಳಿತಿದೆ, ಹೊರಗೆ ಕಾಗದ ಏನೂ ಇಲ್ಲ ಎನ್ನುತ್ತಿದೆ. ಇದನ್ನು ನಾನು ಮಂಚದ ಮೇಲಿಂದ ಹೇಳಿದಾಗ, ಭೇಟಿಯ ಹೊತ್ತಿನಲ್ಲಿ ಬಂದಿದ್ದ ವಾಮನಣ್ಣ ಗೆದ್ದವರ ಮುಖ ಮಾಡಲಿಲ್ಲ. "ಇನ್ನು ಮೇಲೆ ನೆನಪಿರ್ಲಿ. ನಿಮ್ಮ ಗಂಟು ರಕ್ತಕ್ಕೆ ಸುದ್ದಿ ಕೊಡುವ ಜಾತಿಯದ್ದಲ್ಲ. ಡಾಕ್ಟ್ರು ಹೇಳಿದ ದಿನಕ್ಕೆ ಕ್ಯಾಮೆರಾ ಆಗ್ಲೇಬೇಕು" ಎಂದು ಹೇಳಿ, ನನ್ನ ಕೈಗೆ ಚುಚ್ಚಿದ್ದ ಸಲೈನಿನ ಸೂಜಿ ನೋಡಿ ಮುಖ ಹುಳ್ಳಗೆ ಮಾಡಿದರು. "ಎಡಗೈಗೆ ಹಾಕಿದ್ದಾರೆ! ಎಷ್ಟು ಸಲ ಚುಚ್ಚಿದ್ರು?" ನಾಲ್ಕು ಸಲ ಎಂದೆ. ಅವರಿಗೆ ಆದ ಸಂಕಟ ಅಷ್ಟಿಷ್ಟಲ್ಲ.

ಒಂದು ವರ್ಷಕ್ಕೆ ಕ್ಯಾಮೆರಾ ಆಯಿತು. ಸ್ವಚ್ಛ. ಇನ್ನು ಮೂರು ವರ್ಷ ಬಿಟ್ಟು ಬನ್ನಿ ಎಂದರು. ನಡುವೆ ಕೆಲವು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಅದಕ್ಕೆ ವಾಮನಣ್ಣ ಬರುತ್ತಿದ್ದರು.

ಮೆಟ್ಟಿಲು ಹತ್ತುವ ಅವರ ಸದ್ದು ಬದಲಾದದ್ದನ್ನು ಮೊದಲು ಗಮನಿಸಿದ್ದು ಸುಶೀಲಾ. ಎರಡನೆಯ ಮಾಳಿಗೆಯಲ್ಲಿ ನಿಲ್ಲುತ್ತಿದ್ದರು. ನಮ್ಮ ಬಾಗಿಲಿಗೆ ಬರುವಾಗ ಏದುಸಿರು, ತುಟಿ ಬಿಳಿಚಿರುತ್ತಿತ್ತು. "ವಯಸ್ಸಾಯ್ತು ಅಕ್ಕ" ಎನ್ನುತ್ತಿದ್ದರು. ಐವತ್ತೇಳಕ್ಕೆ ಎಂಥ ವಯಸ್ಸು?

ಒಂದು ದಿನ ನನ್ನ ಹಳೆಯ ರಿಪೋರ್ಟು ಹುಡುಕಲು ಚೀಲ ತೆರೆದರು. ಒಂದು ಫೈಲು ಜಾರಿ ನೆಲಕ್ಕೆ ಬಿತ್ತು, ಕಾಗದಗಳು ಹರಡಿದವು. ನಾನು ಬಗ್ಗಿ ಎತ್ತಿಕೊಟ್ಟೆ. ಏಳೋ ಎಂಟೋ ರಿಪೋರ್ಟುಗಳು, ಎಲ್ಲವೂ ಒಂದೇ ಹೆಸರಿನವು: ಡೆಮೊ ಪೇಷಂಟ್, ಪುರುಷ, ೫೭.

"ಇವರ್ಯಾರ್ರೀ ವಾಮನಣ್ಣ, ಡೆಮೊ ಪೇಷಂಟ್?"

ಅವರು ನಕ್ಕರು. "ನಾನೇ. ಸಿಇಎ ಕಿಟ್ ಒಮ್ಮೆ ಒಡೆದ್ರೆ ಇಷ್ಟು ದಿನದೊಳಗೆ ಮುಗಿಸ್ಬೇಕು ಅಂತ ಉಂಟು. ಒಂದೆರಡು ಟೆಸ್ಟು ಉಳೀತದೆ, ಚೆಲ್ಲುದು ಯಾಕೆ? ನನ್ನ ರಕ್ತ ನಾನೇ ಹಾಕ್ತೇನೆ. ನೋಡಿ, ಎಲ್ಲ ಸಲವೂ ನಾರ್ಮಲ್."

ನಾರ್ಮಲ್ ಎಂದರು! ಆ ಶಬ್ದ ಅವರ ಬಾಯಿಂದ ಬಂದದ್ದು ಕೇಳಿ ನಾನು ಬೆಚ್ಚಬೇಕಿತ್ತು. ಕಾಗದ ನನ್ನ ಕೈಯಲ್ಲೇ ಇತ್ತು. ರಿಪೋರ್ಟು ಓದುವುದರಲ್ಲಿ ನಾನೂ ಅಷ್ಟು ಹೊತ್ತಿಗೆ ಪಳಗಿದ್ದೆ. ಸಿಇಎ ಇದ್ದ ಹಾಳೆಯ ಹಿಂದಿನ ಪುಟದಲ್ಲಿ ಹಿಮೋಗ್ಲೋಬಿನ್ ಇತ್ತು, ದಪ್ಪ ಅಕ್ಷರದಲ್ಲಿ. ಒಂದರಲ್ಲಿ ಹನ್ನೊಂದು, ಮುಂದಿನದರಲ್ಲಿ ಹತ್ತು, ಕೊನೆಯದರಲ್ಲಿ ಒಂಬತ್ತರ ಕೆಳಗೆ.

"ಇದು ಇಳಕೋತ ಬಂದದಲ್ರೀ?"

"ಐರನ್ ಗುಳಿಗೆ ತಗೊಳ್ತಾ ಇದ್ದೇನೆ. ಕೈ ಚಾಚಿ ನೀವು. ಬಲಗೈ."

ನಾನು ಕೈ ಚಾಚಿದೆ. ಅಷ್ಟೇ ನಾನು ಮಾಡಿದ್ದು. ಗಂಡಸರಿಗೆ ರಕ್ತ ಕಡಿಮೆಯಾದರೆ ಅದು ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು ಎಂದು ಇದೇ ಮನುಷ್ಯ ನನ್ನ ಎದುರೇ ಹತ್ತು ಜನರಿಗೆ ಹೇಳಿದ್ದರು. ಅದು ನನ್ನ ತಲೆಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಆದರೆ ಲ್ಯಾಬಿನವರಿಗೆ ನಾನು ಹೇಳುವುದೇ ಎಂದುಕೊಂಡೆ. ನನಗಾಗಿ ಒಂಬತ್ತು ದಿನ ಗಂಟೆ ಬಾರಿಸಿದವರ ಬಾಗಿಲಿಗೆ ನಾನು ಒಂದು ದಿನ ಹೋಗಲಿಲ್ಲ.

ಐದು ತಿಂಗಳ ಮೇಲೆ ಮಾಜಿವಾಡಾ ಸಿಗ್ನಲ್ಲಿನಲ್ಲಿ ಸ್ಕೂಟರಿನಿಂದ ಬಿದ್ದರು. ಯಾರೂ ಗುದ್ದಿರಲಿಲ್ಲ, ತಲೆ ತಿರುಗಿತ್ತು. ಆಸ್ಪತ್ರೆಯಲ್ಲಿ ನೋಡಿದರೆ ಮೈಯಲ್ಲಿ ರಕ್ತವೇ ಇಲ್ಲ. ಎರಡು ಬಾಟಲಿ ರಕ್ತ ಕೊಟ್ಟು, ಕ್ಯಾಮೆರಾ ಹಾಕಿದರು. ಕರುಳಿನ ಬಲಗಡೆ, ಕಣ್ಣಿಗೆ ಕಾಣದಂತೆ ಸಣ್ಣಗೆ ಸೋರುತ್ತ ಗಂಟು ವರ್ಷಗಟ್ಟಲೆ ಬೆಳೆದಿತ್ತು. ಲಿವರಿಗೆ ಹೋಗಿಯಾಗಿತ್ತು.

ಸುದ್ದಿ ಕೇಳಿ ನನಗೆ ಸಿಟ್ಟು ಬಂತು. ಆಸ್ಪತ್ರೆಗೆ ಹೋಗಿ, ಮಂಚದ ಮೇಲಿದ್ದ ಮನುಷ್ಯನ ಮೇಲೆ ಕೂಗಾಡಿದವನು ನಾನು. "ಎಲ್ಲಾರಿಗೂ ಬುದ್ಧಿ ಹೇಳ್ತಿದ್ರಿ! ನನ್ನ ಮನೀ ಗಂಟಿ ಬಾರ್ಸಿ ಬಾರ್ಸಿ ಕಿವಿ ತೂತು ಮಾಡಿದ್ರಿ! ನಿಮಗ ಗೊತ್ತಿರಲಿಲ್ಲೇನು?"

"ಗೊತ್ತಿತ್ತು" ಎಂದರು. ದನಿ ತಣ್ಣಗಿತ್ತು. "ಹೆದರಿಕೆ ಆಯ್ತು ಮಾರಾಯ್ರೆ. ಬೇರೆ ಎಂತ ಇಲ್ಲ. ಹಿಮೋಗ್ಲೋಬಿನ್ ಮೊದಲ ಸಲ ಕಡಿಮೆ ಬಂದಾಗ್ಲೇ ಗೊತ್ತಾಯ್ತು, ಕ್ಯಾಮೆರಾ ಆಗ್ಬೇಕು ಅಂತ. ಹಾಕಿಸಿದ್ರೆ ಉಂಟು ಅಂತ ಹೇಳಿಯಾರು ಅಂತ ಹೆದರಿಕೆ. ಅದಕ್ಕೆ ಸಿಇಎ ಹಾಕಿದೆ. ನಾರ್ಮಲ್ ಬಂತು. ಅವತ್ತು ರಾತ್ರಿ ನಿದ್ದೆ ಬಂತು. ಮತ್ತೆ ಹೆದರಿಕೆ ಆದಾಗ ಮತ್ತೆ ಹಾಕಿದೆ. ನಿದ್ದೆ ಬರ್ಲಿಕ್ಕೆ ಬೇಕಲ್ಲ." ಹೊದಿಕೆ ಎದೆಗೆ ಎಳೆದುಕೊಂಡು, "ನನ್ನ ರಕ್ತ ಸುಳ್ಳು ಹೇಳ್ಲಿಲ್ಲ ಹಿರೇಮಠ್ರೆ. ಹಿಂದಿನ ಪುಟದಲ್ಲಿ ಸರಿಯಾಗಿಯೇ ಹೇಳಿತ್ತು. ನಾನು ಮುಂದಿನ ಪುಟ ಮಾತ್ರ ಓದಿದೆ" ಎಂದರು.

ನನಗೆ ಅಳು ಬಂತು. ಆ ಹಿಂದಿನ ಪುಟ ನಾನೂ ಓದಿದ್ದೆ ಎಂದು ಹೇಳಲು ಬಾಯಿ ಬರಲಿಲ್ಲ.

ಕೀಮೋ ಶುರುವಾಯಿತು. ಲ್ಯಾಬಿಗೆ ಬೇರೆಯವರು ಬಂದರು. ನಾನು ಡೊಂಬಿವಲಿಗೆ ವಾರಕ್ಕೊಮ್ಮೆ ಹೋಗುತ್ತಿದ್ದೆ. ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಮನೆಯಲ್ಲಿ ಅವರು ಮತ್ತು ಮಗಳು ಶ್ರದ್ಧಾ. ಐರೋಲಿಯಲ್ಲಿ ಆಫೀಸು, ಈಗ ಮನೆಯಿಂದಲೇ ಕೆಲಸ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಆ ಹುಡುಗಿ ಮರಾಠಿಯಲ್ಲಿ ಉತ್ತರಿಸುತ್ತಿದ್ದಳು, ಅಪ್ಪನ ಹತ್ತಿರ ತುಳು. ನಮ್ಮ ಮೂವರ ಸಂಭಾಷಣೆ ಹಾಗೇ ನಡೆಯುತ್ತಿತ್ತು, ಯಾರಿಗೂ ತೊಡಕಾಗಲಿಲ್ಲ. ವಾಮನಣ್ಣನ ತೋಳುಗಳಲ್ಲಿ ನರಗಳು ಕಪ್ಪಾಗಿ ಗಟ್ಟಿಯಾಗಿದ್ದವು. ಅವರು ಅವುಗಳನ್ನೇ ನೋಡುತ್ತ ಮಲಗಿರುತ್ತಿದ್ದರು.

ಕೊನೆಯ ಸಲ ಹೋದಾಗ ಮಾತು ಕಡಿಮೆಯಾಗಿತ್ತು. ನನ್ನ ಕೈ ಹಿಡಿದುಕೊಂಡು ಬೆರಳಿನಿಂದ ಮೊಣಕೈಯ ಒಳಗೆ ತಡವಿದರು. ಆಮೇಲೆ ಕೇಳಿದರು:

"ನಿಮ್ಮ ಕ್ಯಾಮೆರಾ ಆಯ್ತಾ? ಮೂರು ವರ್ಷ ಕಳೀತಲ್ಲ."

ಕಳೆದು ಎಂಟು ತಿಂಗಳಾಗಿತ್ತು. ನಾನು ಹೋಗಿರಲಿಲ್ಲ. ಇವರನ್ನು ಆ ಮಂಚದ ಮೇಲೆ ನೋಡಿದ ಮೇಲಂತೂ ಆ ಆಸ್ಪತ್ರೆಯ ಹೆಸರು ಬಂದರೆ ಮಾತು ಬದಲಿಸಿಬಿಡುತ್ತಿದ್ದೆ. ನನ್ನ ಬಾಯಿಂದ ಬಂದದ್ದು ಏನು ಗೊತ್ತೇ? "ಹೋದ ತಿಂಗಳು ರಕ್ತಾ ತಗಿಸೇನ್ರಿ. ಸಿಇಎ ನಾರ್ಮಲ್ ಅದ."

ವಾಮನಣ್ಣ ನನ್ನ ಕೈ ಬಿಟ್ಟರು. ಅಷ್ಟು ದಿನಗಳಲ್ಲಿ ಮೊದಲ ಬಾರಿ ನನ್ನ ಮುಖವನ್ನೇ ನೋಡಿದರು.

"ನನ್ನನ್ನು ನೋಡಿಯೂ?"

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

"ನನ್ನನ್ನು ನೋಡಿಯೂ ಹಿರೇಮಠ್ರೆ?" ಅವರ ಕಣ್ಣಿಂದ ನೀರು ಬಂತು. ಕೋಪದ ನೀರು. ಎದ್ದು ಕೂರಲು ಹೋದರು, ಆಗಲಿಲ್ಲ. "ಶ್ರದ್ಧಾ!" ಎಂದು ಕೂಗಿದರು. ತುಳುವಿನಲ್ಲಿ ಏನೋ ಹೇಳಿದರು. ಅವಳು ನನ್ನ ಫೋನು ಕೇಳಿ ತೆಗೆದುಕೊಂಡು, ನನ್ನೆದುರೇ ಆ ಆಸ್ಪತ್ರೆಗೆ ಫೋನು ಮಾಡಿ ದಿನ ಗೊತ್ತು ಮಾಡಿದಳು. ಎರಡು ವಾರದ ಮೇಲೆ, ಗುರುವಾರ, ಬೆಳಿಗ್ಗೆ ಹತ್ತು. "ಎಂತ ಆದ್ರೂ ಹೋಗ್ಬೇಕು" ಎಂದರು ವಾಮನಣ್ಣ. "ಎಂತ ಆದ್ರೂ."

ಆಗಲಿ ಎಂದೆ. ಅವರು ಗೋಡೆಯ ಕಡೆ ತಿರುಗಿಕೊಂಡರು.

ಆ ಗುರುವಾರ ಬೆಳಿಗ್ಗೆ, ಹಿಂದಿನ ಸಂಜೆಯಿಂದ ಆ ದರಿದ್ರ ಔಷಧ ಕುಡಿದು ಕರುಳು ತೊಳೆದುಕೊಂಡು ನಾನು ಹಿಂಡಿದ ಬಟ್ಟೆಯಾಗಿ ಕುಳಿತಿದ್ದೆ. ಏಳಕ್ಕೆ ಫೋನು ಬಂತು. ಶ್ರದ್ಧಾ. "ಪಪ್ಪಾ ಗೇಲೆ, ಕಾಕಾ." ಅಪ್ಪ ಹೋದರು.

ಸುಶೀಲಾ ಗೋಡೆ ಹಿಡಿದು ಕುಳಿತು ಅತ್ತಳು. ನಾನು ಎದ್ದು ಪ್ಯಾಂಟು ಹುಡುಕತೊಡಗಿದೆ, ಡೊಂಬಿವಲಿಗೆ ಹೋಗಲು. ನಿಜ ಹೇಳಬೇಕು. ಎದೆ ಒಡೆಯುವ ದುಃಖವಿತ್ತು. ಅದರ ಅಡಿಯಲ್ಲಿ, ಛೀ ನನ್ನ ಜನ್ಮಕ್ಕಿಷ್ಟು, ಸಣ್ಣದೊಂದು ನಿರಾಳವೂ ಇತ್ತು: ಇವತ್ತು ಆಸ್ಪತ್ರೆಗೆ ಹೋಗುವುದು ತಪ್ಪಿತು.

ಫೋನಿನಲ್ಲಿ ಶ್ರದ್ಧಾ ಇನ್ನೂ ಇದ್ದಳು. "ಕಾಕಾ, ತುಮ್ಹೀ ಇಕಡೇ ಯೇವೂ ನಕಾ." ಇಲ್ಲಿಗೆ ಬರಬೇಡಿ. ನನಗೆ ಅರ್ಥವಾಗಲಿಲ್ಲ. ಅವಳು ಅಳುತ್ತ ಬಿಡಿಸಿ ಹೇಳಿದಳು. ಪಪ್ಪಾ ಹೋದ ವಾರವೇ ಹೇಳಿಟ್ಟಿದ್ದರಂತೆ: ನಾನು ಸಾಯುವುದು ಆ ಗುರುವಾರವೇ ಆದರೆ ಹಿರೇಮಠರನ್ನು ಬರಗೊಡಬೇಡ, ಅವರಿಗೆ ಒಂದು ನೆಪ ಸಿಕ್ಕಿದರೆ ಸಾಕು, ಮತ್ತೆ ವರ್ಷ ತಳ್ಳುತ್ತಾರೆ.

ನಾವು ಠಾಣೆಯಿಂದ ಪನವೇಲ್ ಗಾಡಿ ಹಿಡಿದೆವು. ಸೀವುಡ್ಸ್‌ನಲ್ಲಿ ಇಳಿದು ಆಸ್ಪತ್ರೆಗೆ ನಡೆದೆವು. ಡೊಂಬಿವಲಿಯಲ್ಲಿ ಹತ್ತೂವರೆಗೆ ಅವರನ್ನು ಎತ್ತುತ್ತಾರೆ ಎಂದು ಗೊತ್ತಿತ್ತು. ಹತ್ತೂವರೆಗೆ ನಾನು ಆಸ್ಪತ್ರೆಯವರು ಕೊಟ್ಟ, ಬೆನ್ನ ಕಡೆ ಗುಂಡಿಯಿಲ್ಲದ ಅಂಗಿ ತೊಟ್ಟು ಎಡಮಗ್ಗುಲಾಗಿ ಮಲಗಿದ್ದೆ. ಹೆಗಲು ಕೊಡಬೇಕಾದವನು. ಮಂಪರಿನ ಔಷಧ ಕೊಡುವಾಗ ಅಳುತ್ತಿದ್ದೆನಂತೆ. ಹೆದರಬೇಡಿ, ನೋವಾಗುವುದಿಲ್ಲ ಎಂದು ನರ್ಸ್ ಸಮಾಧಾನ ಹೇಳಿದಳಂತೆ.

ಒಂದು ಸಣ್ಣ ಪಾಲಿಪ್ ಸಿಕ್ಕಿತು, ಅಲ್ಲೇ ತೆಗೆದರು. ಈಗಲೇ ಬಂದದ್ದು ಒಳ್ಳೆಯದಾಯಿತು, ಬಿಟ್ಟಿದ್ದರೆ ಬೆಳೆಯುತ್ತಿತ್ತೇನೋ, ಉಳಿದಂತೆ ಸ್ವಚ್ಛ ಎಂದರು ಡಾಕ್ಟರು. ಸುಶೀಲಾ ದೇವರಿಗೆ ಕೈಮುಗಿದಳು.

ಸಂಜೆ ಐದಕ್ಕೆ ಡೊಂಬಿವಲಿ ಮುಟ್ಟಿದೆವು. ಮನೆ ತೊಳೆದು ನೆಲ ಇನ್ನೂ ಒದ್ದೆಯಿತ್ತು. ಮಂಚ ಗೋಡೆಗೆ ನಿಲ್ಲಿಸಿದ್ದರು, ಅದು ಇದ್ದ ಜಾಗದಲ್ಲಿ ಒಂದು ದೀಪ. ಮೊದಲೇ ಊರಿನಿಂದ ಬಂದಿದ್ದ ಹೆಂಗಸರು ಗೋಡೆಗೊರಗಿ ಕುಳಿತಿದ್ದರು. ನಾನು ಹೊಸ್ತಿಲಲ್ಲಿ ನಿಂತು, ಆ ಹುಡುಗಿಗೆ ಯಾವ ಮಾತಿನಿಂದ ಸಾಂತ್ವನ ಹೇಳಲಿ ಎಂದು ಹುಡುಕುತ್ತಿದ್ದೆ. ಅವಳೇ ಎದ್ದು ಬಂದಳು. ಬಂದವಳು ಮೊದಲು ಕೇಳಿದ್ದು, ಏನಾಯಿತು ಎಂದು:

"ಕಾಕಾ, ಕಾಯ್ ಝಾಲಂ? ರಿಪೋರ್ಟ್?"

"ಎಲ್ಲಾ ಸರಿ ಅದ ಮಗಾ" ಎಂದೆ. ಅವಳು ನನ್ನ ತೋಳು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಬೆಳಿಗ್ಗೆಯಿಂದ ಹುಡುಗಿ ಹೀಗೆ ಅತ್ತಿರಲಿಲ್ಲ ಎಂದು ಆಮೇಲೆ ಯಾರೋ ಹೇಳಿದರು. ಕಂಕುಳಲ್ಲಿ ಆಸ್ಪತ್ರೆಯ ಫೈಲು ಇಟ್ಟುಕೊಂಡು ನಾನು ಹಾಗೇ ನಿಂತಿದ್ದೆ. ಅದನ್ನು ಎಲ್ಲಿ ಬಚ್ಚಿಡಲಿ ಎಂದು ತಿಳಿಯಲಿಲ್ಲ. ಆ ಮನೆಯಲ್ಲಿ ಒಳ್ಳೆಯ ರಿಪೋರ್ಟು ಹಿಡಿದು ನಿಂತಾಗ ಆದಷ್ಟು ನಾಚಿಕೆ ನನಗೆ ಈ ಜನ್ಮದಲ್ಲಿ ಯಾವತ್ತೂ ಆಗಿಲ್ಲ.